ಹಾರುವ ದೋಣಿಯ ತಂಡೇಲ

ಉಪ್ಪಳ

ಪ್ರೀತಿಯ ಮಾಸ್ಟ್ರೇ,

ನಿಮ್ಮ ಕಾಗದ ಕೈಸೇರಿತು. ಪುತ್ತೂರಿನಲ್ಲಿ ಪಿಯುಸಿ ಓದುತ್ತಿರುವ ನಿಮ್ಮ ಪುಳ್ಳಿ, ಇಡುಕ್ಕಿಯ ಮಾಟ್ಟುಪ್ಪೆಟ್ಟಿ ಅಣೆಕಟ್ಟಿನ ನೀರಿನಲ್ಲಿ ವಿಮಾನ ಇಳಿದ ವಿಡಿಯೊ ನೋಡಿದಲ್ಲಿಂದ "ಅಜ್ಜ, ಬಿಡುವುದಿದ್ದರೆ ನಾನು ಇದನ್ನೇ ಬಿಡುವುದು" ಎಂದು ಹಟ ಹಿಡಿದಿದ್ದಾಳಂತೆ. ಅವಳ ಅಪ್ಪನಿಗೆ ಇಂಜಿನಿಯರಿಂಗ್ ಆಸೆ, ಅಮ್ಮನಿಗೆ ನೀರೆಂದರೆ ಹೆದರಿಕೆ, ನಿಮಗೆ ಮಾತ್ರ ಒಳಗೊಳಗೇ ಖುಷಿ. "ನೀವು ಕಡಲ ಬದಿಯವರು, ಇದು ಉದ್ಯೋಗವೋ ಮರುಳೋ ಸ್ವಲ್ಪ ತಿಳಿಸಿ" ಎಂದಿದ್ದೀರಿ. ಎರಡೂ ಹೌದು ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ನೀವು ನನ್ನ ಬರಹಗಳನ್ನು ಕೆಂಪು ಶಾಯಿ ಹಿಡಿದು ಓದುವವರು; ಒಂದು ಸಾಲಿಗೆ ನಿಮ್ಮಲ್ಲಿ ಅಂಕ ಸಿಗುವುದಿಲ್ಲ.

ಈ ಕೆಲಸ ಮಾಡುವವರನ್ನು ಪೈಲಟ್ ಎಂದಷ್ಟೇ ಕರೆದರೆ ಅರ್ಧ ಹೇಳಿದ ಹಾಗೆ. ಉಳಿದರ್ಧ ಅವರು ತಂಡೇಲರು. ಮಂಜೇಶ್ವರದ ಬಂದರಿನಿಂದ ಬೋಟು ಹೊರಡಿಸುವ ತಂಡೇಲ ಗಾಳಿ ನೋಡುತ್ತಾನೆ, ಉಬ್ಬರ ಇಳಿತ ನೋಡುತ್ತಾನೆ, ಅಳಿವೆಯಲ್ಲಿ ಹೂಳು ಎಲ್ಲಿ ಕೂತಿದೆ ಎಂದು ಅಂದಾಜು ಹಾಕುತ್ತಾನೆ. ಸೀಪ್ಲೇನ್ ಎಂಬ ಈ ನೀರಿನ ವಿಮಾನದ ಕ್ಯಾಪ್ಟನ್ ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟೇ, ಅವನು ಅದನ್ನೆಲ್ಲ ಮೇಲಿನಿಂದ ಕೆಳಗಿಳಿಯುತ್ತಾ ಮಾಡಬೇಕು, ಅದೂ ಒಂದೆರಡು ನಿಮಿಷದಲ್ಲಿ.

ಮಂಗಳೂರಿನ ಬಜ್ಪೆಯಲ್ಲಿ ಇಳಿಯುವ ಪೈಲಟಿಗೆ ರನ್‌ವೇ ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತದೆ. ಗೆರೆ ಎಳೆದಿರುತ್ತಾರೆ, ದೀಪ ಹಾಕಿರುತ್ತಾರೆ, ಗಾಳಿ ಯಾವ ಕಡೆಯಿಂದ ಎಷ್ಟು ಎಂದು ಟವರಿನವರು ಹೇಳುತ್ತಾರೆ. ಹೊಳೆಯಲ್ಲಿ ಇಳಿಯುವವನಿಗೆ ಅಂಥ ಭಾಗ್ಯ ಕಡಿಮೆ. ಅವನು ಮೊದಲು ಮೇಲಿನಿಂದ ಒಂದು ಸುತ್ತು ಹಾಕಿ ನೀರನ್ನು ನೋಡುತ್ತಾನೆ. ಬಲೆಯ ಬೆಂಡು ತೇಲುತ್ತಿದೆಯೇ, ಮಳೆಗೆ ಕೊಚ್ಚಿ ಬಂದ ಮರದ ದಿಮ್ಮಿ ಇದೆಯೇ, ಪಾತಿ ದೋಣಿಯಲ್ಲಿ ಯಾರಾದರೂ ಗಾಳ ಹಾಕಿ ಕೂತಿದ್ದಾರೆಯೇ. ವಿಮಾನದ ಕಾಲಿಗೆ ಚಕ್ರದ ಬದಲು ಇರುವ ಫ್ಲೋಟು ತೆಳು ಅಲ್ಯುಮಿನಿಯಂ ತಗಡಿನದು. ವೇಗದಲ್ಲಿ ಒಂದು ದಿಮ್ಮಿ ತಾಗಿದರೂ ಸೀಳಿಬಿಡುತ್ತದೆ. ಗಾಳಿಯನ್ನೂ ನೀರಿನಿಂದಲೇ ಓದಬೇಕು. ಗಾಳಿ ಬರುವ ಕಡೆಯ ದಡಕ್ಕೆ ತಾಗಿದ ನೀರು ನುಣ್ಣಗಿರುತ್ತದೆ, ಆಚೆ ದಡಕ್ಕೆ ಹೋದಂತೆ ಸುಕ್ಕು ಹೆಚ್ಚುತ್ತದೆ. ಲಂಗರು ಹಾಕಿದ ದೋಣಿಗಳ ಮೂತಿ ಯಾವ ಕಡೆಗಿದೆ ಎಂದು ನೋಡಿದರೂ ಸಾಕು, ಹೊಳೆಯ ಸೆಳೆತ ಜೋರಿಲ್ಲದಿದ್ದರೆ ಗಾಳಿ ಆ ಕಡೆಯದೇ.

ಇದೆಲ್ಲ ನಮ್ಮೂರ ಮೊಗವೀರರ ಮಕ್ಕಳಿಗೆ ಶಾಲೆಗೆ ಹೋಗುವ ಮೊದಲೇ ಗೊತ್ತಿರುವ ವಿದ್ಯೆ. ಅವರಿಗೂ ಆಶ್ಚರ್ಯ ಆಗಬಹುದಾದ ಒಂದು ವಿಷಯ ಇದೆ. ಸೀಪ್ಲೇನಿನವರು ಹೆದರುವುದು ಬರೀ ಅಲೆಗೆ ಅಲ್ಲ, ಅಲೆ ಇಲ್ಲದಿರುವುದಕ್ಕೂ. ಮಾಘ ಮಾಸದ ಬೆಳಗ್ಗೆ ಉಪ್ಪಳ ಹೊಳೆಯ ಹತ್ತಿರ ಬಂದು ನಿಂತರೆ ನಾನು ಹೇಳುವುದು ನಿಮಗೆ ಅರ್ಥವಾದೀತು. ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ, ನೀರು ಕನ್ನಡಿಯ ಹಾಗಿರುತ್ತದೆ, ದಡದ ತೆಂಗು ತಲೆಕೆಳಗಾಗಿ ಕಾಣುತ್ತದೆ, ಮೋಡವೂ ನೀರೊಳಗೇ. ನಮಗೆ ಚಂದ. ಮೇಲಿನಿಂದ ಇಳಿಯುವವನಿಗೆ ಮಾತ್ರ ನೀರಿನ ಮೈ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಇನ್ನೂ ಐವತ್ತು ಅಡಿ ಇದೆ ಎಂದುಕೊಂಡಾಗ ಐದೇ ಅಡಿ ಉಳಿದಿರಬಹುದು, ಅಥವಾ ನೀರು ಬಂತೆಂದು ಮೂತಿ ಎತ್ತಿದಾಗ ಮೂವತ್ತು ಅಡಿ ಮೇಲಿರಬಹುದು. ಎಷ್ಟು ಪಳಗಿದ ಕಣ್ಣನ್ನೂ ಅಂಥ ನೀರು ಮೋಸ ಮಾಡುತ್ತದೆ. ಆಗ ಅನುಭವಸ್ಥರು ಕಣ್ಣನ್ನು ನಂಬುವುದನ್ನು ಬಿಡುತ್ತಾರೆ. ದಡವನ್ನು ಪಕ್ಕದಲ್ಲೇ ಇಟ್ಟುಕೊಂಡು, ಮೂತಿಯನ್ನು ಚೂರು ಮೇಲಕ್ಕೆತ್ತಿ, ಇಂಜಿನಿಗೆ ಸ್ವಲ್ಪ ಬಲ ಕೊಟ್ಟು, ನಿಮಿಷಕ್ಕೆ ಸುಮಾರು 150 ಅಡಿಯಂತೆ ನಿಧಾನವಾಗಿ ಇಳಿಯಲು ಬಿಟ್ಟು ಕಾಯುತ್ತಾರೆ. ನೀರು ತಾನಾಗಿ ತಾಗಿದಾಗ ತಾಗಿತು. ಅಷ್ಟು ಹೊತ್ತು ಏನೂ ಮಾಡದೆ ಕೈಕಟ್ಟಿ ಇರುವುದೇ ಈ ವಿದ್ಯೆಯ ಕಷ್ಟದ ಪಾಠ ಎನ್ನುತ್ತಾರೆ. ಏಳುವಾಗಲೂ ನಿಶ್ಚಲ ನೀರು ತಂಟೆಯದೇ, ಫ್ಲೋಟನ್ನು ಹಿಡಿದುಕೊಂಡು ಬಿಡುವುದಿಲ್ಲ. ಅದಕ್ಕೇ ಫ್ಲೋಟಿನ ಅಡಿಯಲ್ಲಿ, ನಡುಮಧ್ಯಕ್ಕೆ, ಒಂದು ಮೆಟ್ಟಿಲಿನಂಥ ಮುರಿತ ಮಾಡಿರುತ್ತಾರೆ. ನೀರಿನ ಹಿಡಿತ ಅಲ್ಲಿ ತಪ್ಪುತ್ತದೆ. ಅದೂ ಸಾಲದಿದ್ದರೆ ಪೈಲಟ್ ನೀರಿನ ಮೇಲೆ ಒಂದು ಸುತ್ತು ಓಡಿಸಿ ತನ್ನ ಅಲೆಯನ್ನು ತಾನೇ ಎಬ್ಬಿಸಿಕೊಂಡು, ಅದರ ಮೇಲೆ ಹಾಯಿಸಿ ಮೇಲೇಳುತ್ತಾನೆ.

ಇನ್ನೊಂದು ವಿಷಯ ಅವಳ ಅಮ್ಮನಿಗೆ ಹೇಳಬೇಡಿ. ನೀರಿನಲ್ಲಿ ಬ್ರೇಕ್ ಇಲ್ಲ. ಇಂಜಿನ್ ಚಾಲೂ ಆಯಿತೆಂದರೆ ವಿಮಾನ ಮುಂದಕ್ಕೆ ಹೊರಟಿತೆಂದೇ ಲೆಕ್ಕ. ಗಾಳಿ ಬೀಸಿದರೆ ಅದರ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗುತ್ತದೆ, ನಮಗೆ ಬೇಕಾದ ಜೆಟ್ಟಿ ಯಾವಾಗಲೂ ಬೇರೆ ಕಡೆ ಇರುತ್ತದೆ. ಎರಡು ಇಂಜಿನಿನ ವಿಮಾನವಾದರೆ ಒಂದಕ್ಕೆ ಹೆಚ್ಚು ಬಲ, ಇನ್ನೊಂದಕ್ಕೆ ಕಡಿಮೆ ಕೊಟ್ಟು, ಫ್ಲೋಟಿನ ಹಿಂದಿರುವ ಪುಟ್ಟ ಚುಕ್ಕಾಣಿ ಇಳಿಸಿ, ಮೆಲ್ಲನೆ ಜೆಟ್ಟಿಗೆ ತಂದು ತಾಗಿಸಬೇಕು. ಕೊನೆಯ ನಾಲ್ಕು ಮಾರು ದೂರವನ್ನು ಗೆಲ್ಲುವುದು ಹಗ್ಗ ಹಿಡಿದು ಫ್ಲೋಟಿನ ಮೇಲೆ ನಿಂತ ಸಹಾಯಕ. ಮಾಲ್ದೀವ್ಸ್‌ನಲ್ಲಿ ಪೈಲಟ್‌ಗಳು ಚಡ್ಡಿ ಹಾಕಿ ಬರಿಗಾಲಲ್ಲಿ ವಿಮಾನ ಬಿಡುವ ಫೋಟೊ ನೋಡಿ ಜನ ಅದನ್ನು ಶೋಕಿ ಎಂದುಕೊಳ್ಳುತ್ತಾರೆ. ಒದ್ದೆ ತಗಡಿನ ಮೇಲೆ ಬೂಟು ಜಾರುತ್ತದೆ, ಮಾಸ್ಟ್ರೇ. ನಮ್ಮ ಬೋಟಿನವರು ಬೂಟು ಹಾಕಿದ್ದನ್ನು ಎಲ್ಲಾದರೂ ನೋಡಿದ್ದೀರಾ?

ಟಿವಿಯವರು ಸೀಪ್ಲೇನನ್ನು ಹೊಸ ಸಂಗತಿ ಎಂಬಂತೆ ಹೇಳುತ್ತಾರೆ. ಅದು ಸರಿಯಲ್ಲ. ನೆಹರೂ ಅವರ ಡಿಸಿ-3 ಬಜ್ಪೆಗೆ ಇಳಿದು ಅಲ್ಲಿ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ಕ್ಕೆ. ಅದಕ್ಕೂ ಮೊದಲೇ ನೀರಿನ ವಿಮಾನಗಳು ಈ ದೇಶದ ಕೆರೆಗಳಲ್ಲಿ ಇಳಿದು ಎದ್ದಿವೆ. 1930ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಕಡೆಗೆ ಟಪಾಲು ಹೊತ್ತು ಹೋಗುತ್ತಿದ್ದ ಇಂಪೀರಿಯಲ್ ಏರ್‌ವೇಸಿನ ಹಾರುವ ದೋಣಿಗಳು ಕರಾಚಿ ದಾಟಿ ರಾಜಸಮಂದ್ ಕೆರೆಯಲ್ಲಿ, ಗ್ವಾಲಿಯರಿನಲ್ಲಿ, ಅಲಹಾಬಾದಿನಲ್ಲಿ ಇಳಿದು ಕಲ್ಕತ್ತ ಸೇರುತ್ತಿದ್ದವು. ಇವಕ್ಕೆ ಫ್ಲೋಟು ಕಟ್ಟಿರಲಿಲ್ಲ, ವಿಮಾನದ ಹೊಟ್ಟೆಯೇ ದೋಣಿಯ ಹೊಟ್ಟೆ.

ಕನ್ನಡ ನಾಡಿನ ಕಥೆ ಇನ್ನೂ ಸ್ವಾರಸ್ಯದ್ದು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದದ್ದು 1940ರಲ್ಲಿ. ಎರಡನೇ ಮಹಾಯುದ್ಧ ಜೋರಾದಾಗ ಅದು ಅಮೆರಿಕದ ಸೇನೆಯ ದುರಸ್ತಿ ಡಿಪೊ ಆಯಿತು. ಅಲ್ಲಿಗೆ ರಿಪೇರಿಗೆ ಬರುತ್ತಿದ್ದ ವಿಮಾನಗಳಲ್ಲಿ ಕ್ಯಾಟಲೀನಾ ಎಂಬ ಹಾರುವ ದೋಣಿಗಳೂ ಇದ್ದವು. ಚಕ್ರವಿಲ್ಲದ ಕ್ಯಾಟಲೀನಾ ಎಲ್ಲಿ ಇಳಿಯಬೇಕು? ಬೆಳ್ಳಂದೂರು ಕೆರೆಯಲ್ಲಿ! ಅಲ್ಲಿ ಇಳಿಸಿ, ದಡಕ್ಕೆ ಎಳೆದು, ಕಾರ್ಖಾನೆಗೆ ಸಾಗಿಸುತ್ತಿದ್ದರು. ಅದೇ ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಹತ್ತಿಕೊಂಡದ್ದನ್ನು ನೀವೂ ಪೇಪರಿನಲ್ಲಿ ಓದಿದ್ದೀರಿ. ವಿಮಾನ ಇಳಿಯುವಷ್ಟು ತಿಳಿನೀರಿದ್ದ ಕೆರೆಯನ್ನು ಬೆಂಕಿ ಹತ್ತುವ ಸ್ಥಿತಿಗೆ ತರಲು ನಮಗೆ ಮುಕ್ಕಾಲು ಶತಮಾನವೂ ಬೇಕಾಗಲಿಲ್ಲ.

ಆ ಕ್ಯಾಟಲೀನಾದ ಒಬ್ಬ ಪೈಲಟನ ಕಥೆ ನಿಮ್ಮ ಪುಳ್ಳಿಗೆ ಹೇಳಲೇಬೇಕು. ಹೆಸರು ಲೆನರ್ಡ್ ಬರ್ಚಾಲ್. ಕೆನಡಾದ ಒಂಟಾರಿಯೊದವನು, 1915ರಲ್ಲಿ ಹುಟ್ಟಿದವನು, ಕೆನಡಾ ವಾಯುಪಡೆಯ 413ನೇ ಸ್ಕ್ವಾಡ್ರನ್ನಿನವನು. ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳ ಚಳಿಯಲ್ಲಿದ್ದ ಆ ಪಡೆಯನ್ನು ಎತ್ತಿ ಸಿಲೋನಿನ ಗಾಲೆ ಹತ್ತಿರದ ಕೊಗ್ಗಲ ಎಂಬ ಕೆರೆಗೆ ಕಳಿಸಿದರು. ಬರ್ಚಾಲ್ ಅಲ್ಲಿಗೆ ಬಂದು ಇಳಿದದ್ದು 1942ರ ಏಪ್ರಿಲ್ 2ಕ್ಕೆ. ನಾಲ್ಕನೇ ತಾರೀಕು ಬೆಳಕು ಹರಿಯುವ ಮೊದಲೇ ಒಟ್ಟು ಒಂಬತ್ತು ಮಂದಿ ಕಾವಲಿಗೆ ಹೊರಟರು. ಕ್ಯಾಟಲೀನಾ ನಿಧಾನದ ಪ್ರಾಣಿ, ಆದರೆ ಇಪ್ಪತ್ತು ಗಂಟೆಗೂ ಮೀರಿ ಗಾಳಿಯಲ್ಲಿರಬಲ್ಲದು. ಒಳಗೆ ಮಲಗಲು ಮಂಚ, ಬಿಸಿ ಮಾಡಲು ಒಲೆ, ಕಟ್ಟಿಹಾಕಲು ಹಗ್ಗ, ಲಂಗರು ಎಲ್ಲ ಇರುವ ತೇಲುಮನೆ. ದಿನವಿಡೀ ನೀರು ಬಿಟ್ಟು ಏನೂ ಕಾಣಲಿಲ್ಲ. ಇನ್ನೇನು ವಾಪಸಾಗಬೇಕು ಎನ್ನುವ ಹೊತ್ತಿಗೆ, ಸಂಜೆಗೆ ಮುಂಚೆ, ದಕ್ಷಿಣದ ಅಂಚಿನಲ್ಲಿ ಏನೋ ಚುಕ್ಕೆ ಕಂಡಿತು. ಹತ್ತಿರ ಹೋದರೆ ಅಡ್ಮಿರಲ್ ನಗುಮೊನ ಜಪಾನಿ ನೌಕಾಬಲ, ಐದು ವಿಮಾನವಾಹಕ ಹಡಗುಗಳ ಸಮೇತ. ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರನ್ನು ಸುಟ್ಟವರೇ ಅವರು.

ಬರ್ಚಾಲ್ ತಿರುಗಿ ಓಡಬಹುದಿತ್ತು. ಎಷ್ಟು ಹಡಗು, ಯಾವ ಕಡೆಗೆ, ಎಷ್ಟು ವೇಗ ಎಂದು ತಿಳಿಯದೆ ಸುದ್ದಿ ಕಳಿಸಿ ಏನು ಪ್ರಯೋಜನ ಎಂದು ಇನ್ನಷ್ಟು ಹತ್ತಿರ ಹೋದ. ರೇಡಿಯೊದಲ್ಲಿ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತಿರುವಾಗಲೇ ಜಪಾನಿನ ಜೀರೊ ವಿಮಾನಗಳು ಮುತ್ತಿಕೊಂಡವು. ಉರಿಯುತ್ತಿರುವ ವಿಮಾನವನ್ನು ಅವನು ಕಡಲಿಗೆ ಇಳಿಸಿದ. ಒಂಬತ್ತರಲ್ಲಿ ಮೂವರು ಸತ್ತರು, ಆರು ಮಂದಿ ಸೆರೆಸಿಕ್ಕರು. ಆದರೆ ಸುದ್ದಿ ಕೊಲಂಬೊಗೆ ಮುಟ್ಟಿತ್ತು. ಮರುದಿನ ಈಸ್ಟರ್ ಭಾನುವಾರ ದಾಳಿ ನಡೆಯುವ ಹೊತ್ತಿಗೆ ಬಂದರಿನ ಅನೇಕ ಹಡಗುಗಳು ಹೊರಗೆ ಹೋಗಿಯಾಗಿತ್ತು. ಸಿಲೋನಿನ ರಕ್ಷಕ ಎಂದು ಅವನನ್ನು ಇವತ್ತೂ ನೆನೆಯುತ್ತಾರೆ.

ಅವನ ವೃತ್ತಿಯ ಉಳಿದ ಭಾಗ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1945ರವರೆಗೆ ಜಪಾನಿನ ಸೆರೆಶಿಬಿರಗಳಲ್ಲಿದ್ದ. ಕಾಯಿಲೆಯವರನ್ನು ಕೆಲಸಕ್ಕೆ ಎಳೆಯುವುದನ್ನು ತಡೆಯಲು ಕಾವಲಿನವರ ಎದುರು ನಿಂತು ಪೆಟ್ಟು ತಿಂದ. ಶಿಬಿರದಲ್ಲಿ ನಡೆದದ್ದನ್ನು ಕದ್ದುಮುಚ್ಚಿ ಬರೆದಿಟ್ಟ ಅವನ ಡೈರಿಗಳು ಯುದ್ಧಾಪರಾಧದ ವಿಚಾರಣೆಗಳಲ್ಲಿ ಸಾಕ್ಷಿಯಾದವು. ಆಮೇಲೆ ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ಸೇನಾ ಕಾಲೇಜಿನ ಮುಖ್ಯಸ್ಥನಾಗಿ 1967ರಲ್ಲಿ ನಿವೃತ್ತನಾದ, 2004ರಲ್ಲಿ ತೀರಿಕೊಂಡ. ನಮ್ಮ ನೆರೆಯ ಕಡಲಿನ ಆ ಒಂದು ಸಂಜೆಯಲ್ಲಿ ಅವನ ವಯಸ್ಸು ಇಪ್ಪತ್ತಾರು.

ಕೊಗ್ಗಲ ಕೆರೆಯದೇ ಇನ್ನೊಂದು ಕಥೆ ಇದೆ. ಸಿಂಗಾಪುರ ಬಿದ್ದ ಮೇಲೆ ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ವಿಮಾನದ ದಾರಿ ಕಡಿದುಹೋಯಿತು. 1943ರಲ್ಲಿ ಕ್ವಾಂಟಸ್ ಕಂಪೆನಿಯವರು ಐದು ಕ್ಯಾಟಲೀನಾ ಹಿಡಿದು ಪರ್ತ್‌ನಿಂದ ಕೊಗ್ಗಲಕ್ಕೆ ಎಲ್ಲೂ ನಿಲ್ಲದೆ ಹಾರಲು ಶುರುಮಾಡಿದರು. ಸುಮಾರು 5,600 ಕಿಲೋಮೀಟರ್. ಮೂವರೇ ಪ್ರಯಾಣಿಕರು, 69 ಕಿಲೊ ಟಪಾಲು, ಉಳಿದ ತೂಕವೆಲ್ಲ ಪೆಟ್ರೋಲು. ತಲುಪಲು 27ರಿಂದ 33 ಗಂಟೆ. ಹತ್ತಿದವರು ದಾರಿಯಲ್ಲಿ ಎರಡು ಸಲ ಸೂರ್ಯೋದಯ ನೋಡುತ್ತಿದ್ದರು, ಅದಕ್ಕೇ ಆ ಸಂಚಾರಕ್ಕೆ ಜೋಡಿ ಸೂರ್ಯೋದಯ ಎಂದೇ ಹೆಸರು ಬಿತ್ತು. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೊ ಮೌನ. ರಸೆಲ್ ಟ್ಯಾಪ್‌ನಂಥ ಹಳೆಯ ಕ್ಯಾಪ್ಟನ್‌ಗಳು ದಿಕ್ಸೂಚಿ ಮತ್ತು ನಕ್ಷತ್ರ ನಂಬಿ ಹಿಂದೂ ಮಹಾಸಾಗರ ದಾಟಿದರು. ವಿಮಾನಗಳಿಗೂ ನಕ್ಷತ್ರದ್ದೇ ಹೆಸರು. ಪಂಚಾಂಗ ನೋಡುವ ನಿಮಗೆ ನಾಲ್ಕು ನಕ್ಷತ್ರ ಪರಿಚಯದವೇ, ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ. ಐದನೆಯದು ಮಹಾವ್ಯಾಧನ ಕಾಲಬಳಿಯ ರೈಜೆಲ್. 1945ರವರೆಗೆ 271 ಸಲ ಸಾಗರ ದಾಟಿದರು. ಯುದ್ಧ ಮುಗಿದ ಮೇಲೆ ಒಪ್ಪಂದದ ಷರತ್ತಿನಂತೆ ಐದನ್ನೂ ಸಮುದ್ರಕ್ಕೇ ಒಯ್ದು ಮುಳುಗಿಸಿದರು.

ಸ್ವತಂತ್ರ ಭಾರತದ ನೌಕಾಪಡೆ ವಿಮಾನ ಬಿಡಲು ಕಲಿತದ್ದೂ ನೀರಿನ ವಿಮಾನದಿಂದಲೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕಾಸರಗೋಡಿನಿಂದ ರೈಲು ಹತ್ತಿದರೆ ಒಂದೇ ದಿನದ ದಾರಿಯ ಕೊಚ್ಚಿಗೆ, 1953ರಲ್ಲಿ, ಬೆಲ್‌ಫಾಸ್ಟಿನ ಶಾರ್ಟ್ ಕಂಪೆನಿಯ ಸೀಲ್ಯಾಂಡ್ ವಿಮಾನಗಳು ಬಂದವು. ನೆಲದಲ್ಲೂ ಇಳಿಯುತ್ತಿದ್ದವು, ಹಿನ್ನೀರಿನಲ್ಲೂ ಇಳಿಯುತ್ತಿದ್ದವು. ಅದೇ ವರ್ಷ ಮೇ 11ಕ್ಕೆ ಅಲ್ಲಿ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಗರುಡ ಶುರುವಾಯಿತು. ಒಟ್ಟು 25 ಸೀಲ್ಯಾಂಡ್ ಮಾತ್ರ ಜಗತ್ತಿನಲ್ಲಿ ತಯಾರಾದದ್ದು, ಅದರಲ್ಲಿ 10 ನಮ್ಮ ನೌಕಾಪಡೆಯದು. ಅಂಥ ವಿಮಾನವನ್ನು ಮತ್ತೆ ಕೊಳ್ಳುವ ಯೋಗ ಬರಲಿಲ್ಲ. ಜಪಾನಿನ ಯುಎಸ್-2 ಎಂಬ ನೀರಿನ ವಿಮಾನ ತರುವ ಮಾತು 2010ರ ದಶಕದಲ್ಲಿ ವರ್ಷಗಟ್ಟಲೆ ನಡೆದು ಮಾತಿನಲ್ಲೇ ಉಳಿಯಿತು.

ಇನ್ನು ನಮ್ಮ ಕಾಲದ ಉದ್ಘಾಟನೆಗಳು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. 2010ರ ಡಿಸೆಂಬರಿನಲ್ಲಿ ಅಂಡಮಾನಿಗೆಂದು ಜಲಹಂಸ ಎಂಬ ಸೀಪ್ಲೇನ್ ಸೇವೆ ಶುರು, ಕೆಲವು ವರ್ಷ ಹಾರಿ ನಿಂತಿತು. 2013ರ ಜೂನ್ 2ಕ್ಕೆ ಕೊಲ್ಲಂನ ಅಷ್ಟಮುಡಿ ಕೆರೆಯಲ್ಲಿ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಕೇರಳದ ಸೀಪ್ಲೇನ್ ಯೋಜನೆಗೆ ಚಾಲನೆ ಕೊಟ್ಟರು. ಅಲ್ಲಿಂದ ಹೊರಟ ವಿಮಾನಕ್ಕೆ ಆಲಪ್ಪುಳದ ಪುನ್ನಮಡದಲ್ಲಿ ಇಳಿಯಲಾಗಲಿಲ್ಲ, ಮೀನುಗಾರರು ಅಡ್ಡ ನಿಂತರು. ಆ ಯೋಜನೆಯ ಪಟ್ಟಿಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಬೇಕಲವೂ ಇತ್ತು. 2020ರ ಅಕ್ಟೋಬರ್ 31ಕ್ಕೆ ಗುಜರಾತಿನ ಕೆವಡಿಯಾದಿಂದ ಸಾಬರಮತಿಗೆ ಪ್ರಧಾನಿಯೇ ಹಾರಿದರು. ಆ ವಿಮಾನ ಮಾಲ್ದೀವ್ಸ್‌ನಿಂದ ಬಾಡಿಗೆಗೆ ಬಂದದ್ದು, ಸರ್ವೀಸು ಮಾಡಿಸಲೂ ಮಾಲ್ದೀವ್ಸಿಗೇ ಹೋಗಬೇಕಿತ್ತು. 2021ರ ಏಪ್ರಿಲಿನಲ್ಲಿ ನಿಂತಿತು. ನಿಮ್ಮ ಪುಳ್ಳಿ ನೋಡಿದ್ದು 2024ರ ನವೆಂಬರ್ 11ರ ಪ್ರಯೋಗ, ಕೊಚ್ಚಿಯ ಬೋಳ್ಗಾಟ್ಟಿಯಿಂದ ಮಾಟ್ಟುಪ್ಪೆಟ್ಟಿಗೆ. ವಿಮಾನ ಕೆನಡಾದ ಟ್ವಿನ್ ಆಟರ್, ಬಿಟ್ಟವರೂ ಕೆನಡಾದ ಪೈಲಟ್‌ಗಳೇ. ಆನೆಗಳು ನೀರಿಗೆ ಬರುವ ಜಾಗ ಎಂದು ಅರಣ್ಯ ಇಲಾಖೆ ತಕರಾರು ಎತ್ತಿತು, ಮೀನುಗಾರ ಸಂಘಟನೆಗಳು ಮತ್ತೆ ಎದ್ದವು.

ಅಭಿವೃದ್ಧಿಗೆ ಅಡ್ಡಗಾಲು ಎಂದು ಮೀನುಗಾರರನ್ನು ಬೈಯುವ ಮಾತು ನಮ್ಮ ಬಸ್ಸಿನಲ್ಲೂ ಕೇಳಿಬರುತ್ತದೆ. ಹಾಗೆ ಹೇಳುವವರು ಒಂದು ಸಲ ಮುಸೋಡಿಯ ದಡಕ್ಕೆ ಬಂದು ನಿಲ್ಲಬೇಕು. ಅಲ್ಲಿ ಪ್ರತಿ ಮಳೆಗಾಲ ಕಡಲು ತೆಂಗಿನ ತೋಟವನ್ನೂ ಮನೆಯ ಅಂಗಳವನ್ನೂ ತಿನ್ನುತ್ತದೆ. ನೆಲ ಹೋದವನಿಗೆ ಉಳಿದದ್ದು ನೀರೊಂದೇ. ಆ ನೀರಿನಲ್ಲಿ ಗೆರೆ ಎಳೆದು, ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಬಲೆ ಹಾಕಬಾರದು ಎಂದು ಹೇಳುವ ಮೊದಲು ಅವನ ಹತ್ತಿರ ಕೂತು ಮಾತಾಡಬೇಡವೇ? ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಹಡಗು, ದೋಣಿ, ಸೀಪ್ಲೇನ್ ಒಟ್ಟಿಗೇ ಓಡಾಡುತ್ತವೆ. ಅಲ್ಲಿ ಆಗುವುದು ಇಲ್ಲಿ ಆಗದು ಎಂದೇನಿಲ್ಲ. ಇಲ್ಲಿಯವರೆಗೆ ರಿಬ್ಬನ್ ಕತ್ತರಿಸುವುದಕ್ಕೆ ಇದ್ದ ಅವಸರ ಈ ಮಾತುಕತೆಗೆ ಇರಲಿಲ್ಲ, ಅಷ್ಟೇ. ಇನ್ನೊಂದು ಮಾತು: ಉಪ್ಪಳದಂಥ ತೆರೆದ ಕಡಲಿನಲ್ಲಿ ಸೀಪ್ಲೇನ್ ಇಳಿಸುವ ಕನಸು ಯಾರಾದರೂ ಮಾರಲು ಬಂದರೆ ನಂಬಬೇಡಿ. ಇದಕ್ಕೆ ಬೇಕಾದದ್ದು ಅಡ್ಡಗಟ್ಟಿದ ನೀರು, ಹಿನ್ನೀರು, ಕೆರೆ, ಹವಳದ ದಿಬ್ಬದ ಒಳಗಿನ ಲಗೂನು. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪಕ್ಕೆ ಇದು ಹೇಳಿ ಮಾಡಿಸಿದ ವಾಹನ. ಅಲ್ಲಿ ಇರುವುದೇ ಒಂದು ವಿಮಾನ ನಿಲ್ದಾಣ, ಅಗಾಟ್ಟಿಯಲ್ಲಿ.

ಈಗ ಉದ್ಯೋಗದ ಪ್ರಶ್ನೆಗೆ ಬರುತ್ತೇನೆ. ಇವತ್ತಿಗೆ ಈ ವಿದ್ಯೆಯಲ್ಲಿ ಹಣ್ಣಾಗಬೇಕೆಂದರೆ ನಮ್ಮಿಂದ ಹತ್ತಿರದ ಜಾಗ ಮಾಲ್ದೀವ್ಸ್. ಜಗತ್ತಿನಲ್ಲೇ ಅತಿ ಹೆಚ್ಚು ಸೀಪ್ಲೇನ್ ಇರುವ ಟ್ರಾನ್ಸ್ ಮಾಲ್ದೀವಿಯನ್ ಏರ್‌ವೇಸ್ ಇರುವುದು ಅಲ್ಲೇ, ಅರವತ್ತಕ್ಕೂ ಮಿಕ್ಕಿದ ಟ್ವಿನ್ ಆಟರ್‌ಗಳು. ದುಬೈಗೆ ಹೋಗುವ ಪೈಲಟ್ ಒಂದು ಸಲ ಏರಿ ಒಂದು ಸಲ ಇಳಿಯುತ್ತಾನೆ. ಮಾಲ್ದೀವ್ಸಿನ ಪೈಲಟ್ ಬೆಳಗ್ಗಿನಿಂದ ಸಂಜೆಗೆ ದ್ವೀಪದಿಂದ ದ್ವೀಪಕ್ಕೆ ಹತ್ತು ಹನ್ನೆರಡು ಸಲ ಏರಿ ಇಳಿಯಬಹುದು, ಪ್ರತಿಯೊಂದೂ ಬೇರೆ ನೀರು, ಬೇರೆ ಗಾಳಿ. ಹಾಗಾಗಿ ಹಾರಿದ ಗಂಟೆಗಳನ್ನು ಲೆಕ್ಕ ಹಾಕಿ ಸೀಪ್ಲೇನಿನವರ ಹಿರಿತನ ಅಳೆಯುವುದು ನನಗೆ ಸರಿ ಕಾಣುವುದಿಲ್ಲ, ಎಷ್ಟು ಸಲ ನೀರಿಗೆ ಇಳಿದಿದ್ದಾರೆ ಎಂದು ಕೇಳಬೇಕು. ಸೂರ್ಯ ಮುಳುಗಿದರೆ ಅಲ್ಲಿ ಕೆಲಸ ಮುಗಿಯಿತು, ರಾತ್ರಿ ನೀರಿಗೆ ಇಳಿಯುವ ಪದ್ಧತಿ ಇಲ್ಲ. ಮತ್ತೆ ಉಪ್ಪು. ನಮ್ಮ ಕಿಟಕಿಯ ಸರಳು ಎರಡು ವರ್ಷಕ್ಕೆ ತುಕ್ಕು ಹಿಡಿಯುವುದನ್ನು ನೋಡಿದ್ದೀರಿ. ಕಡಲ ನೀರಿನಲ್ಲೇ ನಿಲ್ಲುವ ವಿಮಾನದ ಗತಿ ಕೇಳಬೇಕೇ? ದಿನ ದಿನ ಸಿಹಿನೀರಿನಲ್ಲಿ ತೊಳೆಯಬೇಕು, ಫ್ಲೋಟಿನ ಕೋಣೆಗಳಲ್ಲಿ ಸೇರಿದ ನೀರನ್ನು ಬೆಳಗ್ಗೆ ಪಂಪಿನಿಂದ ತೆಗೆಯಬೇಕು. ಎಷ್ಟು ನೀರು ಬಂತು ಎಂಬುದರ ಮೇಲೇ ಎಲ್ಲಿ ಬಿರುಕು ಬಿಟ್ಟಿದೆ ಎಂದು ಹಳಬರು ಗುರುತಿಸುತ್ತಾರೆ. ಯುನಿಫಾರ್ಮಿನ ಮಿರುಗು ನೋಡಿ ಬರುವವರಿಗೆ ಈ ಕೆಲಸ ಹೇಳಿಸಿದ್ದಲ್ಲ.

ದಾರಿ ಹೀಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬಾರದು. ಹದಿನೆಂಟು ತುಂಬಿದ ಮೇಲೆ ವಾಣಿಜ್ಯ ಪೈಲಟ್ ಲೈಸೆನ್ಸ್, ಅದಕ್ಕೆ 200 ಗಂಟೆ ಹಾರಾಟ ಆಗಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ತರಬೇತಿ ಶಾಲೆ ಇದೆ, ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರದ್ದಿದೆ. ಸೀಪ್ಲೇನಿನ ತರಬೇತಿ ಅದರ ಮೇಲಿನ ಮೆಟ್ಟಿಲು. ಒಟ್ಟು ಖರ್ಚು ಹತ್ತಾರು ಲಕ್ಷಕ್ಕೆ ಹೋಗುತ್ತದೆ, ಆದ್ದರಿಂದ ಅವಳ ಅಪ್ಪನಿಗೆ ಒಂದು ಮಾತು ಒತ್ತಿ ಹೇಳಿ: ಎಲ್ಲಿಯೂ ಫೀಸು ಕಟ್ಟುವ ಮೊದಲು ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ವೈದ್ಯರಲ್ಲಿ ಮೆಡಿಕಲ್ ಮಾಡಿಸಬೇಕು, ಮೊದಲು ಎರಡನೇ ದರ್ಜೆಯದು, ಆಮೇಲೆ ಒಂದನೇ ದರ್ಜೆಯದು. ಕನ್ನಡಕ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಇಂಗ್ಲಿಷು ಚೆನ್ನಾಗಿ ಬರಬೇಕು; ನಮ್ಮದು ಸಪ್ತಭಾಷೆಯ ನೆಲ ಆದರೂ ವಿಮಾನದ ರೇಡಿಯೊದಲ್ಲಿ ತುಳು, ಬ್ಯಾರಿ ನಡೆಯುವುದಿಲ್ಲ. ಕೇಂದ್ರದ ವಿಮಾನಯಾನ ಇಲಾಖೆ 2024ರ ಆಗಸ್ಟಿನಲ್ಲಿ ಸೀಪ್ಲೇನ್ ಸಂಚಾರಕ್ಕೆ ಹೊಸ ಮಾರ್ಗಸೂಚಿ ತಂದಿದೆ, ಅವಳು ಲೈಸೆನ್ಸ್ ಹಿಡಿಯುವ ಹೊತ್ತಿಗೆ ಇಲ್ಲೂ ಒಂದೆರಡು ಕಂಪೆನಿ ಗಟ್ಟಿಯಾಗಿ ನಿಂತಿರಲೂಬಹುದು. ನಿಂತಿರದಿದ್ದರೂ ಆ ಲೈಸೆನ್ಸಿಗೆ ನೆಲದ ವಿಮಾನಗಳಲ್ಲಿ ಕೆಲಸ ಉಂಟು. ನನ್ನ ತೀರ್ಪು ಕೇಳಿದರೆ, ಕಳಿಸಿ. ಸೀಪ್ಲೇನ್ ಒಂದನ್ನೇ ನೆಚ್ಚಿ ಸಾಲ ಮಾಡಬೇಡಿ, ಅಷ್ಟೇ.

ಅದಕ್ಕಿಂತ ಮೊದಲು ಈಜು ಕಲಿಸಿ. ರಜೆಯಲ್ಲಿ ಇಲ್ಲಿಗೆ ಕಳಿಸಿದರೆ ಪರಿಚಯದ ತಂಡೇಲರೊಬ್ಬರ ದೋಣಿಯಲ್ಲಿ, ಲೈಫ್ ಜಾಕೆಟ್ ಹಾಕಿಸಿಯೇ, ಹೊಳೆಯಲ್ಲಿ ಕೂರಿಸುವ ಜವಾಬ್ದಾರಿ ನನ್ನದು. ದಡದ ಹತ್ತಿರ ನೀರು ಯಾಕೆ ನುಣುಪು, ನಡುವೆ ಯಾಕೆ ಸುಕ್ಕು ಎಂದು ಅವರು ತುಳುವಿನಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತಾರೆ. ಹಾಗೇ ಮುಂದಕ್ಕೆ ರೈಲಿನಲ್ಲಿ ಮಡಗಾಂವಿಗೆ ಕರೆದುಕೊಂಡು ಹೋಗಿ. ದಾಬೋಲಿಮ್ ನಿಲ್ದಾಣದ ಆಚೆ, ಬೋಗ್ಮಾಲೊ ಕಡೆಗೆ ಹೋಗುವ ದಾರಿಯಲ್ಲಿ ನೌಕಾಪಡೆಯ ವಿಮಾನ ಸಂಗ್ರಹಾಲಯ ಇದೆ. ಕೊಚ್ಚಿಯಲ್ಲಿ ಹಾರುತ್ತಿದ್ದ ಆ ಹತ್ತು ಸೀಲ್ಯಾಂಡ್‌ಗಳಲ್ಲಿ ಒಂದನ್ನು ಅಲ್ಲಿ ಇಟ್ಟಿದ್ದಾರೆ. ವಾರದ ರಜೆ ಯಾವತ್ತು ಎಂದು ಫೋನು ಮಾಡಿ ಕೇಳಿಕೊಂಡೇ ಹೊರಡಿ, ಪುತ್ತೂರಿನಿಂದ ಅಷ್ಟು ದೂರ ಹೋಗಿ ಬಾಗಿಲು ನೋಡಿ ಬರುವುದು ಬೇಡ.

ಇತಿ ನಿಮ್ಮ
ಉಪ್ಪಳದ ಗೆಳೆಯ